ಬಾಯ್ಲರ್ ಬದಲಿಸುವ ಮುನ್ನ ಒಂದು ಬಕೆಟ್ ಇಟ್ಟು ನೋಡಿ

ಅಮೆರಿಕದ ಈಶಾನ್ಯ ರಾಜ್ಯಗಳ ಹಳೆಯ ಮನೆಗಳಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಒಂದು ದೂರು ಮಾಮೂಲು: ಬಿಸಿನೀರು ಸಾಲುತ್ತಿಲ್ಲ. ಷವರಿನ ಕೆಳಗೆ ನಿಂತ ಎರಡು ನಿಮಿಷಕ್ಕೇ ನೀರು ಉಗುರುಬೆಚ್ಚಗಾಗುತ್ತದೆ; ಇಲ್ಲವೇ ಬಿಸಿ ನಲ್ಲಿಯಲ್ಲಿ ಸಣ್ಣ ಎಳೆಯಾಗಿ ಇಳಿಯುತ್ತದೆ. ರಿಪೇರಿಯವನು ಬರುತ್ತಾನೆ, ನೆಲಮಾಳಿಗೆಗೆ ಇಳಿದು ಬಾಯ್ಲರನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾನೆ, ‘ಕಾಯಿಲ್ ಹೋಗಿದೆ, ಬಾಯ್ಲರಿಗೂ ವಯಸ್ಸಾಯಿತು’ ಎಂದು ಹೊಸದರ ದರಪಟ್ಟಿ ಕೈಗಿಡುತ್ತಾನೆ. ನೀರು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತಿದೆ, ಎಷ್ಟು ಡಿಗ್ರಿ ಬಿಸಿಯಿದೆ ಎಂಬ ಎರಡು ಅಂಕಿಗಳು ಮಾತ್ರ ಆ ದರಪಟ್ಟಿಯಲ್ಲಿ ಇರುವುದಿಲ್ಲ. ರಿಪೇರಿಯವರೆಲ್ಲ ಹೀಗೇ ಎಂದಲ್ಲ. ಆದರೆ ಆ ಎರಡು ಅಂಕಿಗಳನ್ನು ಬರೆದು ತೋರಿಸುವ ತನಕ ಮನೆಯವರು ಯಾವ ಕಾಗದಕ್ಕೂ ಸಹಿ ಹಾಕಬಾರದು.

ಕಾಯಿಲ್ ಅಂದರೆ ದೊಡ್ಡ ರಹಸ್ಯವೇನಲ್ಲ. ನಮ್ಮ ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯುತ್ತಿರುವಾಗ ಅದರೊಳಗೆ ತಾಮ್ರದ ಕೊಳವೆಯ ಸುರುಳಿಯೊಂದನ್ನು ಮುಳುಗಿಸಿ, ಒಂದು ತುದಿಯಿಂದ ತಣ್ಣೀರು ಬಿಟ್ಟು ಇನ್ನೊಂದು ತುದಿಯಲ್ಲಿ ಬಿಸಿನೀರು ಹಿಡಿದರೆ ಹೇಗೋ ಹಾಗೆ. ಹಂಡೆಯ ನೀರು ಬೇರೆ, ಸ್ನಾನದ ನೀರು ಬೇರೆ, ಎರಡೂ ಬೆರೆಯುವುದಿಲ್ಲ. ಮನೆಯ ರೇಡಿಯೇಟರುಗಳನ್ನು ಬಿಸಿಯಾಗಿಡುವ ಬಾಯ್ಲರಿನ ಹೊಟ್ಟೆಯೊಳಗೇ ಈ ಸುರುಳಿ ಇರುತ್ತದೆ. ಹೊರಗೆ ಕಾಣುವುದು ಬೋಲ್ಟು ಬಿಗಿದ ಒಂದು ಕಬ್ಬಿಣದ ತಟ್ಟೆ, ಅದರಿಂದ ಹೊರಬಂದ ಎರಡು ಕೊಳವೆಗಳು, ಅಷ್ಟೇ. ಬೇರೆ ಟ್ಯಾಂಕು ಬೇಡ, ಬೇರೆ ಬರ್ನರ್ ಬೇಡ. ಮನೆ ಕಟ್ಟುವವನಿಗೆ ಇದಕ್ಕಿಂತ ಅಗ್ಗದ ಏರ್ಪಾಡು ಸಿಗುತ್ತಿರಲಿಲ್ಲ. ಮನೆ ಬಿಸಿಮಾಡಲು ಎಣ್ಣೆ ಉರಿಸುವ ಅಮೆರಿಕದ ಮನೆಗಳಲ್ಲಿ ಐದಕ್ಕೆ ಸುಮಾರು ನಾಲ್ಕು ಇರುವುದು ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮೇಯ್ನ್ ಮುಂತಾದ ಈ ಸೀಮೆಯಲ್ಲೇ. 1973ರ ತೈಲ ನಿರ್ಬಂಧಕ್ಕೆ ಮುಂಚೆ ಎಣ್ಣೆ ಅಗ್ಗವಾಗಿದ್ದಾಗ ಈ ಏರ್ಪಾಡಿನ ಖರ್ಚನ್ನು ಲೆಕ್ಕ ಹಾಕುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಅಂಥ ಮನೆಗಳಲ್ಲಿ ಕೆಲವು ಈಗ ಬಾಸ್ಟನ್, ನ್ಯೂಜೆರ್ಸಿ ಸುತ್ತಲಿನ ಕನ್ನಡದ ಸಂಸಾರಗಳ ಪಾಲಿಗೆ ಬಂದಿವೆ. ಮನೆ ಕೊಳ್ಳುವಾಗ ಅಡುಗೆಮನೆ ನೋಡುತ್ತಾರೆ, ಶಾಲೆ ನೋಡುತ್ತಾರೆ. ಬಾಯ್ಲರಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವವರು ಅಪರೂಪ.

ಈಗ ಲೆಕ್ಕ. ಜನವರಿಯಲ್ಲಿ ಅಲ್ಲಿನ ನೆಲದಡಿಯ ಕೊಳವೆಯಿಂದ ಮನೆಗೆ ಬರುವ ನೀರು ಸುಮಾರು 5 ಡಿಗ್ರಿ ಸೆಲ್ಸಿಯಸ್. ಸ್ನಾನಕ್ಕೆ ಬೇಕಾದದ್ದು 40ರಿಂದ 45 ಡಿಗ್ರಿ. ನಿಮಿಷಕ್ಕೆ 10 ಲೀಟರ್ ನೀರನ್ನು 40 ಡಿಗ್ರಿ ಮೇಲೇರಿಸಬೇಕೆಂದರೆ ಸುಮಾರು 28 ಕಿಲೋವಾಟ್ ಶಾಖ ಬೇಕು. ಬೆಂಗಳೂರಿನ ಬಚ್ಚಲುಮನೆಯ ಇನ್‌ಸ್ಟಂಟ್ ಗೀಸರು 3 ಕಿಲೋವಾಟಿನದು. 22 ಡಿಗ್ರಿಯ ನೀರನ್ನು 42ಕ್ಕೆ ಏರಿಸುವಾಗ ಅದು ಕೊಡುವುದು ನಿಮಿಷಕ್ಕೆ ಸುಮಾರು ಎರಡು ಲೀಟರ್ ಮಾತ್ರ. ಅದರಲ್ಲಿ ನೀರು ಸಣ್ಣಗೆ ಬಂದರೆ ಯಾರೂ ಅದು ಕೆಟ್ಟಿದೆ ಎನ್ನುವುದಿಲ್ಲ. ಗಂಟೆಗೊಂದು ಗ್ಯಾಲನ್ ಎಣ್ಣೆ ಉರಿಸುವ ಸಾಧಾರಣ ಬಾಯ್ಲರು ನೀರಿಗೆ ದಾಟಿಸಬಲ್ಲದ್ದು ಸುಮಾರು 34 ಕಿಲೋವಾಟ್. ಅಂದರೆ ಚಳಿಗಾಲದಲ್ಲಿ ಒಂದು ಷವರನ್ನು ಅದು ನೆಮ್ಮದಿಯಾಗಿ ನಡೆಸುತ್ತದೆ. ಎರಡನೆಯದು ತೆರೆದರೆ ಏದುಸಿರು ಬಿಡುತ್ತದೆ. ಜುಲೈ ತಿಂಗಳಲ್ಲಿ ಒಳಬರುವ ನೀರೇ 18 ಡಿಗ್ರಿ ಇರುವಾಗ ಅದೇ ಕೆಲಸಕ್ಕೆ 19 ಕಿಲೋವಾಟ್ ಸಾಕು. ‘ಬೇಸಿಗೆಯಲ್ಲಿ ಚೆನ್ನಾಗಿತ್ತು, ಈಗ ಕೆಟ್ಟಿದೆ’ ಎಂಬ ದೂರಿನಲ್ಲಿ ಎಷ್ಟೋ ಸಲ ಕೆಟ್ಟಿರುವುದು ಏನೂ ಇಲ್ಲ.

ಕಾಯಿಲ್ ತಯಾರಕರು ಕೊಡುವ ಸಾಮರ್ಥ್ಯದ ಅಂಕಿಯನ್ನೂ ಹುಷಾರಾಗಿ ಓದಬೇಕು. ನಿಮಿಷಕ್ಕೆ ಮೂರೂವರೆ ಗ್ಯಾಲನ್ ಎಂದು ಬರೆದಿದ್ದರೆ ಅದು ಬಾಯ್ಲರಿನ ನೀರು 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 93 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಮಾತು. ಮನೆಗಳಲ್ಲಿ ಬಾಯ್ಲರು ಆ ಬಿಸಿಗೆ ಏರುವುದೇ ಅಪರೂಪ.

ಕನ್ನಡದ ಮನೆಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತಿರುವು ಸೇರುತ್ತದೆ. ಅಮೆರಿಕದ ಕಾನೂನು 1992ರಲ್ಲೇ ಷವರಿನ ತಲೆಗೆ ಮಿತಿ ಹಾಕಿದೆ: ನಿಮಿಷಕ್ಕೆ ಎರಡೂವರೆ ಗ್ಯಾಲನ್, ಸುಮಾರು ಒಂಬತ್ತೂವರೆ ಲೀಟರ್. ಬಾತ್‌ಟಬ್ ತುಂಬಿಸುವ ದೊಡ್ಡ ನಲ್ಲಿಗೆ ಆ ಮಿತಿ ಇಲ್ಲ. ಮಗಳ ಬಾಣಂತನಕ್ಕೆಂದು ಡಿಸೆಂಬರಿನಲ್ಲಿ ಹೋದ ತಾಯಿ ಷವರನ್ನು ಒಲ್ಲದೆ ಟಬ್ಬಿನಲ್ಲಿ ಬಕೆಟ್ ಇಟ್ಟು, ಚೊಂಬು ಹಿಡಿದು, ಆ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾರೆ. ನಿಮಿಷಕ್ಕೆ 20 ಲೀಟರ್ ಧುಮುಕುತ್ತದೆ. ಅದನ್ನು ಸ್ನಾನದ ಬಿಸಿಗೆ ತರಲು 56 ಕಿಲೋವಾಟ್ ಬೇಕು. ಮೊದಲ ಬಕೆಟ್ಟು ಬಾಯ್ಲರಿನಲ್ಲಿ ಕೂಡಿಟ್ಟ ಬಿಸಿಯಿಂದ ಹೇಗೋ ಹೊಗೆಯಾಡುತ್ತ ತುಂಬುತ್ತದೆ, ಎರಡನೆಯದು ಬಾಣಂತಿಗೆ ಎರೆಯುವಂತಿರುವುದಿಲ್ಲ. ಇದಕ್ಕೆ ರಿಪೇರಿಯೇ ಇಲ್ಲ, ಏಕೆಂದರೆ ಕೆಟ್ಟಿಲ್ಲ. ನಲ್ಲಿಯನ್ನು ಅರ್ಧ ತೆರೆದರೆ ಬಕೆಟ್ ತುಂಬಲು ಒಂದು ನಿಮಿಷದ ಬದಲು ಎರಡು ನಿಮಿಷ ಹಿಡಿಯುತ್ತದೆ, ನೀರು ಸುಡುಸುಡು ಬರುತ್ತದೆ. ಕಾಯಿಲಿನ ತಣ್ಣೀರು ಕೊಳವೆಗೆ ಹಾಕುವ ಹರಿವು ತಡೆಯುವ ಚಿಕ್ಕ ಬಿಲ್ಲೆಯೊಂದು ಬರುತ್ತದೆ. ಬೆಲೆ ಕೆಲವೇ ಡಾಲರು. ಹಳೆಯ ಮನೆಗಳಲ್ಲಿ ಯಾವನೋ ಪ್ಲಂಬರು ‘ನೀರು ಜೋರಾಗಿ ಬರಲಿ’ ಎಂದು ಅದನ್ನು ಕಿತ್ತು ಬಿಸಾಡಿರುತ್ತಾನೆ. ಜೋರು ಬೇಕು, ಬಿಸಿಯೂ ಬೇಕು ಎಂದರೆ ಕಾಯಿಲ್ ಒಪ್ಪುವುದಿಲ್ಲ.

ಆದ್ದರಿಂದ ಪರೀಕ್ಷೆ ಶುರುವಾಗಬೇಕಾದದ್ದು ನೆಲಮಾಳಿಗೆಯಲ್ಲಲ್ಲ, ಬಚ್ಚಲಲ್ಲಿ. ಒಂದು ಬಕೆಟ್, ಗಡಿಯಾರ, ಅಡುಗೆಮನೆಯ ಥರ್ಮಾಮೀಟರು ಸಾಕು. ಒಂದೇ ನಲ್ಲಿಯಲ್ಲಿ ತೊಂದರೆಯೋ, ಮನೆಯ ಎಲ್ಲ ನಲ್ಲಿಗಳಲ್ಲೋ? ಒಂದರಲ್ಲೇ ಆದರೆ ಬಾಯ್ಲರಿನ ಸುದ್ದಿಯೇ ಬೇಡ; ಆ ನಲ್ಲಿಯ ಬಾಯಿಯ ಜಾಲರಿ ಅಥವಾ ಒಳಗಿನ ಕಾರ್ಟ್ರಿಡ್ಜ್ ಕಟ್ಟಿಕೊಂಡಿದೆ. ಎಲ್ಲ ಕಡೆಯೂ ತಣ್ಣೀರು ಜೋರಾಗಿದ್ದು ಬಿಸಿನೀರು ಮಾತ್ರ ಎಳೆಯಾಗಿದ್ದರೆ ಸುರುಳಿಯ ಒಳಗೋ, ಅದರಾಚೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವಿನಲ್ಲೋ ಅಡ್ಡ ಬಿದ್ದಿದೆ. ಹರಿವು ಚೆನ್ನಾಗಿದ್ದು ಮೊದಲ ನಿಮಿಷ ಬಿಸಿ ಬಂದು ಆಮೇಲೆ ತಣ್ಣಗಾದರೆ ಬಾಯ್ಲರಿನಲ್ಲಿ ಶಾಖದ ಕೊರತೆ. ಮೊದಲ ಕ್ಷಣದಿಂದಲೇ ಉಗುರುಬೆಚ್ಚಗಿದ್ದರೆ ಎಲ್ಲೋ ತಣ್ಣೀರು ಬೆರೆಯುತ್ತಿದೆ.

ತಣ್ಣೀರು ಬೆರೆಯುವ ಪತ್ತೆಗೆ ಒಂದು ಚಂದದ ಉಪಾಯವಿದೆ. ಕಾಯಿಲಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಮೇಲೆ ಹೋಗಿ ಬಿಸಿ ನಲ್ಲಿ ತೆರೆಯಬೇಕು. ಕೊಳವೆಯಲ್ಲಿ ಉಳಿದದ್ದು ಇಳಿದು ನಿಂತುಹೋಗಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ, ಮನೆಯ ಯಾವುದೋ ಒಂಟಿ ಹಿಡಿಯ ನಲ್ಲಿಯೊಳಗೆ ಸವೆದ ವಾಷರಿನ ಮೂಲಕ ತಣ್ಣೀರು ಬಿಸಿ ಕೊಳವೆಗೆ ನುಸುಳುತ್ತಿದೆ ಎಂದರ್ಥ. ಇಂಥ ಮನೆಯಲ್ಲಿ ಹೊಸ ಬಾಯ್ಲರ್ ಕೂರಿಸಿದರೂ ನೀರು ಬೆಚ್ಚಗೇ ಬರುತ್ತದೆ, ಸಾಲ ಮಾತ್ರ ಹೊಸದಾಗಿರುತ್ತದೆ.

ಕಾಯಿಲ್ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಸುಣ್ಣ. ಗಡಸು ನೀರು ಬಿಸಿಯಾದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು, ಕಾರ್ಬನೇಟ್ ಆಗಿ ಬಿಳಿ ಕರೆಯಂತೆ ತಾಮ್ರಕ್ಕೆ ಅಂಟುತ್ತದೆ. ಶಾಖ ದಾಟಿಸುವುದರಲ್ಲಿ ಈ ಪದರ ತಾಮ್ರಕ್ಕಿಂತ ನೂರು ಪಟ್ಟಿಗೂ ಹೆಚ್ಚು ಮಂದ. ಕೊಳವೆಯ ರಂಧ್ರವೂ ಕಿರಿದಾಗುವುದರಿಂದ ಹರಿವೂ ಹೋಗುತ್ತದೆ, ಬಿಸಿಯೂ ಹೋಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಬದುಕುವ ಬೆಂಗಳೂರಿನ ಬಡಾವಣೆಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೀಸರಿನ ಎಲಿಮೆಂಟನ್ನು ಹೊರತೆಗೆದು ನೋಡಿದವರಿಗೆ ಈ ಬಿಳಿ ಹೊದಿಕೆ ಗೊತ್ತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರ ತನಕ ಒಪ್ಪಬಹುದು ಎಂದಿದೆ.

ಆದರೆ ಬಾಸ್ಟನ್ನಿನಲ್ಲಿ ಸುಣ್ಣದ ಕತೆ ಹೇಳುವವನನ್ನು ಎರಡು ಸಲ ಪ್ರಶ್ನಿಸಬೇಕು. ಆ ನಗರಕ್ಕೂ ಲೆಕ್ಸಿಂಗ್ಟನ್, ಫ್ರೇಮಿಂಗ್‌ಹ್ಯಾಂ ಮುಂತಾದ ಸುತ್ತಲ ಊರುಗಳಿಗೂ ನೀರು ಬರುವುದು ಕ್ವಾಬಿನ್ ಮತ್ತು ವಾಚುಸೆಟ್ ಜಲಾಶಯಗಳಿಂದ. 1930ರ ದಶಕದಲ್ಲಿ ಡೇನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್ ಎಂಬ ನಾಲ್ಕು ಊರುಗಳನ್ನು ಖಾಲಿಮಾಡಿಸಿ ಕಟ್ಟಿದ್ದು ಕ್ವಾಬಿನ್. ಕಾಡಿನ ನಡುವಿನ ಈ ನೀರು ತೀರಾ ಮೃದು. ಗಡಸುತನ ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ಕೂಡ ದಾಟುವುದಿಲ್ಲ. ಅಲ್ಲಿನ ಕಾಯಿಲಿನಲ್ಲಿ ಸುಣ್ಣ ಕಟ್ಟಿದೆ ಎನ್ನುವವನು ಸುಣ್ಣ ತೋರಿಸಲಿ. ಪೆನ್ಸಿಲ್ವೇನಿಯಾದ ಸುಣ್ಣಕಲ್ಲಿನ ಕಣಿವೆಗಳ ಬಾವಿ ನೀರು ಬಳಸುವ ಮನೆಯಲ್ಲಾದರೆ ಮಾತು ಬೇರೆ. ಅಲ್ಲಿ ಮೊದಲ ಅನುಮಾನ ಅದೇ ಆಗಬೇಕು. ಒಂದೇ ರೋಗಲಕ್ಷಣ, ಊರು ಬದಲಾದರೆ ಕಾರಣ ಬೇರೆ. ನೀರು ಎಲ್ಲಿಂದ ಬರುತ್ತದೆ ಎಂದು ಕೇಳದೆಯೇ ತೀರ್ಪು ಕೊಡುವವರು ತಂತ್ರಜ್ಞರಲ್ಲ, ಮಾರಾಟಗಾರರು.

ಮೃದು ನೀರಿನ ಊರುಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಮಿಕ್ಸಿಂಗ್ ವಾಲ್ವ್. ಬಾಯ್ಲರಿನ ನೀರು 82 ಡಿಗ್ರಿ ಇದ್ದರೆ ಕಾಯಿಲಿನಿಂದ ಹೊರಬರುವ ನೀರೂ ಅಪಾಯಕಾರಿ ಬಿಸಿಗೆ ಹತ್ತಿರ ಬರಬಹುದು. ಅದಕ್ಕೆ ತಣ್ಣೀರು ಬೆರೆಸಿ ಸುಮಾರು 49 ಡಿಗ್ರಿಗೆ ಇಳಿಸುವುದು ಈ ವಾಲ್ವಿನ ಕೆಲಸ. ವರ್ಷಗಳು ಕಳೆದಂತೆ ಅದರೊಳಗಿನ ಭಾಗ ಅಂಟಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ತಣ್ಣೀರು ಬಿಡತೊಡಗುತ್ತದೆ. ವಾಲ್ವಿನ ಮುಂಚೆ ಕೊಳವೆ ಎಷ್ಟು ಬಿಸಿ, ಆಮೇಲೆ ಎಷ್ಟು ಎಂದು ಅಳೆದರೆ ಅನುಮಾನ ಬಗೆಹರಿಯುತ್ತದೆ. ಗುಂಡಿ ಒತ್ತಿದರೆ ಅಂಕಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರು ಹೊಳೆಯುವ ತಾಮ್ರದ ಮೇಲೆ ಸುಳ್ಳು ಹೇಳುತ್ತದೆ. ಕೊಳವೆಗೆ ಕರಿ ಟೇಪಿನ ತುಂಡೊಂದು ಸುತ್ತಿ ಅದರ ಮೇಲೆ ಹಿಡಿಯಬೇಕು.

ಇಲ್ಲಿ ಕೆಲವು ಮನೆಯವರೇ ಮಾಡುವ ಒಂದು ಕೆಲಸವನ್ನು ಖಂಡಿಸಲೇಬೇಕು. ನೀರು ಬೆಚ್ಚಗಾಯಿತೆಂದು ವಾಲ್ವಿನ ತಿರುಪನ್ನು ಕೊನೆಯ ತನಕ ತಿರುಗಿಸಿಬಿಡುವುದು, ಇಲ್ಲವೇ ವಾಲ್ವನ್ನೇ ಕಿತ್ತು ನೇರ ಕೊಳವೆ ಹಾಕಿಸುವುದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಕೊಡುವ ಅಂಕಿ ನೋಡಿ: 66 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಎರಡೇ ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, 60 ಡಿಗ್ರಿಯದು ಆರು ಸೆಕೆಂಡಿನಲ್ಲಿ, 54 ಡಿಗ್ರಿಯದು ಮೂವತ್ತು ಸೆಕೆಂಡಿನಲ್ಲಿ. 49 ಡಿಗ್ರಿಗೆ ಸುಮಾರು ಐದು ನಿಮಿಷ ಬೇಕು. ಮಕ್ಕಳ, ಮುದುಕರ ಚರ್ಮ ಇನ್ನೂ ತೆಳು. ನೀರು ಸಾಲದಿರುವುದು ಕಿರಿಕಿರಿ. ಈ ವಾಲ್ವಿಲ್ಲದ ಬಚ್ಚಲು ಅಪಾಯ.

ಶಾಖದ್ದೇ ಕೊರತೆ ಎಂದು ಗೊತ್ತಾದರೆ ನೋಡಬೇಕಾದ್ದು ಅಕ್ವಾಸ್ಟ್ಯಾಟ್ ಎಂಬ ಬೂದು ಪೆಟ್ಟಿಗೆ. ಕಾಯಿಲ್ ಇರುವ ಬಾಯ್ಲರಿನಲ್ಲಿ ಅದಕ್ಕೆ ಎರಡು ಮಿತಿ. ಮೇಲಿನದು ಸಾಮಾನ್ಯವಾಗಿ 180 ಡಿಗ್ರಿ ಫ್ಯಾರನ್‌ಹೀಟ್, ಕೆಳಗಿನದು 160ರ ಆಸುಪಾಸು. ಎರಡರ ನಡುವೆ ಕನಿಷ್ಠ 20 ಡಿಗ್ರಿ ಅಂತರ ಬೇಕು. ಎಣ್ಣೆ ಉಳಿಸುವ ಹುಮ್ಮಸ್ಸಿನಲ್ಲಿ ಯಾರೋ ಕೆಳಗಿನ ಮಿತಿಯನ್ನು 120ಕ್ಕೆ ಇಳಿಸಿದ್ದರೆ ಸ್ನಾನದ ನೀರು ಬಿಸಿಯಾಗುವುದು ಹೇಗೆ? ಈ ಪೆಟ್ಟಿಗೆಗೆ ಇನ್ನೂ ಒಂದು ಜವಾಬ್ದಾರಿಯಿದೆ. ಬಾಯ್ಲರು ಕೆಳಗಿನ ಮಿತಿಗಿಂತ ತಣ್ಣಗಾದಾಗ ರೇಡಿಯೇಟರುಗಳ ಪಂಪನ್ನು ನಿಲ್ಲಿಸಿ, ಇರುವ ಬಿಸಿಯನ್ನು ಸ್ನಾನಕ್ಕೆ ಉಳಿಸುವುದು. ಅದರ ಸಂಪರ್ಕ ಅಂಟಿಕೊಂಡರೆ ಪಂಪು ತಿರುಗುತ್ತಲೇ ಇರುತ್ತದೆ, ಬಿಸಿಯೆಲ್ಲ ಗೋಡೆಯ ಬದಿಗೆ ಹರಿದುಹೋಗುತ್ತದೆ. ಹೀಟಿಂಗ್ ಓಡುವಾಗ ಮಾತ್ರ ಸ್ನಾನದ ನೀರು ಕೈಕೊಡುವ ಮನೆಯಲ್ಲಿ ಮೊದಲು ಕೈಯಿಡಬೇಕಾದ ಜಾಗ ಇದು. ಬರ್ನರ್ ಉರಿಯುತ್ತಲೇ ಇದ್ದರೂ ಬಾಯ್ಲರಿನ ಬಿಸಿ ತೋರಿಸುವ ಮುಳ್ಳು ಮೇಲೇರದಿದ್ದರೆ ನಾಜಲ್, ಫಿಲ್ಟರ್, ಒಳಗಿನ ಮಸಿ ನೋಡಬೇಕು. ಹಬೆಯ ಬಾಯ್ಲರಾದರೆ ನೀರಿನ ಮಟ್ಟ ಇಳಿದು ಸುರುಳಿಯೇ ಬರಿದಾಗಿ ನಿಂತಿರಲೂಬಹುದು.

ಸುರುಳಿ ನಿಜವಾಗಿ ಸತ್ತಿರುವುದಕ್ಕೆ ಗುರುತು ಬೇರೆಯೇ ಇದೆ, ಅದು ಬಚ್ಚಲಿನಲ್ಲಿ ಕಾಣಿಸುವುದಿಲ್ಲ. ನಲ್ಲಿ ನೀರಿನ ಒತ್ತಡ ಬಾಯ್ಲರಿನ ಒತ್ತಡಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ತಾಮ್ರದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ನಲ್ಲಿ ನೀರು ಬಾಯ್ಲರಿಗೆ ನುಗ್ಗಿ, ಒತ್ತಡ ಏರಿ, 30 ಪೌಂಡಿಗೆ ತೆರೆದುಕೊಳ್ಳುವ ಸುರಕ್ಷತಾ ವಾಲ್ವ್ ತೊಟ್ಟಿಕ್ಕತೊಡಗುತ್ತದೆ. ಇದಕ್ಕೆ ಹೊಸ ಸುರಕ್ಷತಾ ವಾಲ್ವ್ ಹಾಕಿ ದುಡ್ಡು ಎಣಿಸಿಕೊಂಡು ಹೋಗುವವರಿದ್ದಾರೆ. ಬಾಯ್ಲರಿಗೆ ನೀರು ತುಂಬಿಸುವ ವಾಲ್ವನ್ನು ಮುಚ್ಚಿ, ಬಾಯ್ಲರನ್ನು ಒಂದೇ ಬಿಸಿಯಲ್ಲಿಟ್ಟು ಕಾದು ನೋಡಿದಾಗಲೂ ಒತ್ತಡದ ಮುಳ್ಳು ಏರುತ್ತಿದ್ದರೆ ಕಳ್ಳ ಕಾಯಿಲೇ.

ಸುಣ್ಣ ಕಟ್ಟಿರುವುದು ಖಚಿತವಾದರೆ ತೊಳೆಯಬಹುದು. ಸುರುಳಿಯ ಎರಡೂ ಬದಿಗೆ ವಾಲ್ವುಗಳಿದ್ದರೆ ಬಕೆಟ್ಟಿನಲ್ಲಿ ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣ ಇಟ್ಟು, ಚಿಕ್ಕ ಪಂಪಿನಿಂದ ಗಂಟೆಗಟ್ಟಲೆ ತಿರುಗಿಸಿ, ಕೊನೆಗೆ ಚೆನ್ನಾಗಿ ಜಾಲಿಸುವುದು. ಹಿಂದಿನವರು ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಯುತ್ತಿದ್ದರು. ಅದರ ಹೊಗೆ ಉಸಿರಿಗೆ ಕೆಟ್ಟದ್ದು, ದ್ರಾವಣ ತಾಮ್ರಕ್ಕೆ ಕೆಟ್ಟದ್ದು. ಒಂದು ಎಚ್ಚರಿಕೆ: ಹಳೆಯ ಸುರುಳಿಯಲ್ಲಿ ಎಷ್ಟೋ ಸಲ ತೂತನ್ನು ಮುಚ್ಚಿಕೊಂಡಿರುವುದೇ ಸುಣ್ಣ. ತೊಳೆದ ಮರುದಿನ ಸೋರಿದರೆ ತೊಳೆದವನನ್ನು ಬಯ್ಯುವುದು ನ್ಯಾಯವಲ್ಲ. ಸುರುಳಿಯನ್ನೇ ಬದಲಿಸುವುದೂ ಮೇಲುನೋಟಕ್ಕೆ ಕಂಡಷ್ಟು ಸರಳವಲ್ಲ. ಮೂವತ್ತು ವರ್ಷ ತುಕ್ಕು ಹಿಡಿದ ಬೋಲ್ಟು ಎರಕದ ಕಬ್ಬಿಣದೊಳಗೇ ಮುರಿದುಕೊಂಡಿತೆಂದರೆ ಒಂದು ಬೆಳಗಿನ ಕೆಲಸ ಎರಡು ದಿನಕ್ಕೆ ಎಳೆಯುತ್ತದೆ.

ಇಷ್ಟೆಲ್ಲ ಹೇಳಿದ್ದು ಕಾಯಿಲಿನ ಮೇಲಿನ ಪ್ರೀತಿಯಿಂದಲ್ಲ. ಚಳಿಗಾಲದಲ್ಲಿ ಬಾಯ್ಲರು ಹೇಗೂ ಉರಿಯುತ್ತಿರುವುದರಿಂದ ಅದು ಸಹ್ಯ. ಬೇಸಿಗೆಯಲ್ಲಿ ಅದು ಶುದ್ಧ ದುಂದು. ಬೆಳಗಿನ ನಾಲ್ಕು ಸ್ನಾನಕ್ಕಾಗಿ ಹಗಲೂ ರಾತ್ರಿ ಒಂದು ದೊಡ್ಡ ಕಬ್ಬಿಣದ ಮುದ್ದೆಯನ್ನು 70 ಡಿಗ್ರಿಯಲ್ಲಿ ಕಾಯಿಸಿಡಬೇಕು; ಬಿಸಿಯೆಲ್ಲ ಚಿಮಣಿಗೂ ನೆಲಮಾಳಿಗೆಗೂ. ಅದೇ ನೆಲಮಾಳಿಗೆಯಲ್ಲಿ ತೇವ ಹೀರುವ ಯಂತ್ರವೊಂದು ಬೇರೆ ಕರೆಂಟು ತಿನ್ನುತ್ತ ಓಡುತ್ತಿರುತ್ತದೆ. ಹೀಟ್ ಪಂಪ್ ವಾಟರ್ ಹೀಟರ್ ಇಟ್ಟರೆ ನೀರೂ ಬಿಸಿಯಾಗುತ್ತದೆ, ಗಾಳಿಯ ತೇವವೂ ಇಳಿಯುತ್ತದೆ. ಎಣ್ಣೆಯನ್ನೇ ನಂಬುವವರಿಗೆ ಬಾಯ್ಲರಿನ ಬಿಸಿ ಪಡೆದು ನೀರನ್ನು 60 ಡಿಗ್ರಿಯಲ್ಲಿ ಕೂಡಿಡುವ, ಹೊದಿಕೆಯುಳ್ಳ ಇಂಡೈರೆಕ್ಟ್ ಟ್ಯಾಂಕ್ ಇದೆ. ಬಕೆಟ್ ಸ್ನಾನದವರಿಗೂ ಅದು ಒಗ್ಗುತ್ತದೆ. ಕಾಯಿಲನ್ನು ನಿವೃತ್ತಿಗೊಳಿಸುವುದು ಜಾಣತನ. ಆದರೆ ಅದು ಯೋಚಿಸಿ, ಬೆಲೆ ಹೋಲಿಸಿ ಮಾಡುವ ಕೆಲಸವಾಗಬೇಕು. ಹೊರಗೆ ಹಿಮ ಸುರಿಯುತ್ತಿರುವಾಗ ಗಾಬರಿಯಲ್ಲಿ, ಕೆಟ್ಟ ವಾಲ್ವೊಂದರ ತಪ್ಪಿಗೆ ಇಡೀ ಬಾಯ್ಲರನ್ನು ಶಿಕ್ಷಿಸುವ ಕೆಲಸವಾಗಬಾರದು.

ಎಣ್ಣೆ ಕಂಪನಿಗಳು ವರ್ಷಕ್ಕೊಮ್ಮೆ ಬಾಯ್ಲರ್ ಶುಚಿಮಾಡಿ ಹೊಗೆಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ನೇತುಹಾಕಿ ಹೋಗುತ್ತವೆ. ಆ ಚೀಟಿಯಲ್ಲಿ ಇನ್ನೆರಡು ಸಾಲು ಸೇರಿಸಲು ಐದು ನಿಮಿಷ ಸಾಕು: ಕಾಯಿಲಿಗೆ ಹೋದ ನೀರಿನ ಬಿಸಿ ಎಷ್ಟು, ಹೊರಬಂದದ್ದು ಎಷ್ಟು, ನಿಮಿಷಕ್ಕೆ ಎಷ್ಟು ಲೀಟರ್ ಹರಿವಿನಲ್ಲಿ. ವರ್ಷದಿಂದ ವರ್ಷಕ್ಕೆ ಒಳಹೊರಗಿನ ಬಿಸಿಯ ಅಂತರ ಇಳಿಯುತ್ತಿದ್ದರೆ ಸುಣ್ಣ ಕಟ್ಟುತ್ತಿದೆ. ಒಮ್ಮೆಗೇ ಬಿದ್ದರೆ ವಾಲ್ವೋ ಅಕ್ವಾಸ್ಟ್ಯಾಟೋ ಕೈಕೊಟ್ಟಿದೆ. ಮನೆ ಮಾರಾಟಕ್ಕೆ ಮುಂಚಿನ ತಪಾಸಣೆ ವರದಿಯಲ್ಲೂ ಇದೇ ಸಾಲು ಇರಬೇಕೆಂದು ಕೊಳ್ಳುವವರು ಕೇಳಬೇಕು. ನಲ್ಲಿ ತಿರುಗಿಸಿ, ಕೈಯೊಡ್ಡಿ, ‘ಬಿಸಿನೀರು ಬರುತ್ತದೆ’ ಎಂದು ಬರೆಯುವ ವರದಿಗೆ ದುಡ್ಡು ಕೊಡುವುದು ದಂಡ.

ಟ್ಯಾಂಕು ಹಾಕಿಸಿ ಕಾಯಿಲನ್ನು ಬಿಡುವವರಿಗೆ ಇನ್ನೊಂದು ಮಾತು. ವರ್ಷಪೂರ್ತಿ ಬಿಸಿಯಾಗಿಯೇ ಇದ್ದ ಎರಕದ ಬಾಯ್ಲರು ಮೊದಲ ಬಾರಿ ಪೂರ್ತಿ ತಣ್ಣಗಾದಾಗ ಹಳೆಯ ಗ್ಯಾಸ್ಕೆಟ್‌ಗಳು ಕುಗ್ಗಿ, ಆ ಬೋಲ್ಟು ಬಿಗಿದ ತಟ್ಟೆಯ ಅಂಚಿನಲ್ಲೇ ಸೋರಬಹುದು. ಬದಲಾವಣೆಯನ್ನು ಮೇ ತಿಂಗಳಲ್ಲಿ ಇಟ್ಟುಕೊಂಡರೆ, ಸೋರಿದರೂ ಹೊಸ ಗ್ಯಾಸ್ಕೆಟ್ ಹಾಕಿಸಲು ಅಕ್ಟೋಬರಿನ ತನಕ ಬಿಡುವು ಸಿಗುತ್ತದೆ.